ಹೊಸ ಇಸಿಯುಗೆ ಯಾವ ಇಗ್ನಿಷನ್ ಕಾಯಿಲ್? ವೈರಿಂಗ್ ನೋಡಿಕೊಂಡು ಆರಿಸುವ ಬಗೆ

ಇಂಜಿನ್‌ಗೆ ಟರ್ಬೊ ಕೂರಿಸಿ ಬೂಸ್ಟ್ (ಟರ್ಬೊ ಇಂಜಿನ್ ಒಳಗೆ ತುರುಕುವ ಗಾಳಿಯ ಒತ್ತಡ) ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಗಾಡಿ ಮಿಸ್ ಹೊಡೆಯಲು ಶುರು ಮಾಡುತ್ತದೆ. ಐಡಲ್‌ನಲ್ಲಿ ಎಲ್ಲ ಚೆನ್ನಾಗಿರುತ್ತದೆ, ನಿಧಾನವಾಗಿ ಓಡಿಸಿದರೂ ತೊಂದರೆ ಕಾಣುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಇಂಜಿನ್ ತಡವರಿಸುತ್ತದೆ. ಸಿಲಿಂಡರ್ ಒಳಗೆ ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಹುಟ್ಟಿಸುವುದು ಇಗ್ನಿಷನ್ ಕಾಯಿಲ್. ಕಂಪನಿಯಿಂದ ಬಂದ ಕಾಯಿಲ್ ಅಷ್ಟಕ್ಕೆಂದು ಮಾಡಿದ್ದಲ್ಲ.

ಆಗ ಎಲ್ಲರೂ ಮೊದಲು ಕೇಳುವುದು, "ಯಾವ ಕಾಯಿಲ್‌ಗೆ ಮಿಲಿಜೂಲ್ ಜಾಸ್ತಿ?" ಮಿಲಿಜೂಲ್ ಅಂದರೆ ಕಿಡಿಯ ಶಕ್ತಿಯ ಅಳತೆ. ಈ ಪ್ರಶ್ನೆಯನ್ನು ಕೊನೆಗೆ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲು ನೋಡಬೇಕಾದ್ದು ನಿಮ್ಮ ಇಸಿಯುವಿನ (ಇಂಜಿನ್ ನಡೆಸುವ ಕಂಪ್ಯೂಟರ್) ಇಗ್ನಿಷನ್ ಪಿನ್‌ನಿಂದ ಏನು ಹೊರಗೆ ಬರುತ್ತದೆ ಅನ್ನುವುದನ್ನು. ಎರಡನೆಯದು, ಆ ಕಾಯಿಲ್‌ಗೆ ನಂಬಬಹುದಾದ ಡ್ವೆಲ್ (ಕಿಡಿಗೆ ಮುಂಚೆ ಕರೆಂಟ್ ತುಂಬಿಸುವ ಹೊತ್ತು) ಅಂಕಿಗಳು ಸಿಗುತ್ತವಾ ಎಂದು. ಮೂರನೆಯದು, ಅದಕ್ಕೆ ಬೇಕಾದ 12 ವೋಲ್ಟ್ ಮತ್ತು ಅರ್ಥ್ ಅನ್ನು ಸರಿಯಾಗಿ ತಲುಪಿಸಲು ನಿಮ್ಮಿಂದ ಆಗುತ್ತದಾ ಎಂದು. ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆ ಉಳಿಯುವ ಆಯ್ಕೆ ಸಾಮಾನ್ಯವಾಗಿ ಎರಡೋ ಮೂರೋ. ಅದರಲ್ಲಿ ಯಾವುದನ್ನು ಕೊಂಡರೂ ನಡೆಯುತ್ತದೆ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಹೊಸ ಪ್ಲಗ್ ಹಾಕಿ, ಗ್ಯಾಪ್ ಅನ್ನು 0.6ರಿಂದ 0.7 ಮಿಲಿಮೀಟರ್‌ಗೆ ಇಳಿಸಿ ಓಡಿಸಿ ನೋಡಿ. ಬೂಸ್ಟ್ ಇರುವ ಇಂಜಿನ್‌ಗೆ ಇದು ಮಾಮೂಲಿ ಗ್ಯಾಪ್. ಮಿಸ್ ಪೂರ್ತಿ ನಿಂತುಹೋಗಿ, ಐಡಲ್ ಕೂಡ ಕೆಡದಿದ್ದರೆ, ನಿಮಗೆ ಸದ್ಯಕ್ಕೆ ಹೊಸ ಕಾಯಿಲ್ ಬೇಡ.

ಇಗ್ನೈಟರ್ ಎಲ್ಲಿದೆ?

ಕಾಯಿಲ್‌ನ ಪ್ರೈಮರಿ ಸುರುಳಿಗೆ ಕರೆಂಟ್ ಹರಿಸಿ, ಸರಿಯಾದ ಗಳಿಗೆಯಲ್ಲಿ ಫಕ್ಕನೆ ಕಡಿದರೆ ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಕಿಡಿ ಹಾರುತ್ತದೆ. ಆ ಕರೆಂಟ್ ಹರಿಸುವ, ಕಡಿಯುವ ಸ್ವಿಚ್ಚೇ ಇಗ್ನೈಟರ್. ಈಗ ಹೆಚ್ಚಾಗಿ ಅದೊಂದು ಐಜಿಬಿಟಿ ಟ್ರಾನ್ಸಿಸ್ಟರ್. ಅದು ಮೂರು ಜಾಗದಲ್ಲಿ ಇರಬಹುದು: ಕಾಯಿಲ್ ಒಳಗೆ, ಇಸಿಯು ಒಳಗೆ, ಇಲ್ಲವೇ ಇವೆರಡರ ನಡುವೆ ಬೇರೆಯೇ ಒಂದು ಪೆಟ್ಟಿಗೆಯಲ್ಲಿ. ನಿಮ್ಮ ಆಯ್ಕೆಯೆಲ್ಲ ಇದರ ಮೇಲೆ ನಿಂತಿದೆ.

ಒಳಗೇ ಇಗ್ನೈಟರ್ ಇದ್ದರೆ ಅದನ್ನು ಸ್ಮಾರ್ಟ್ ಕಾಯಿಲ್ ಅನ್ನುತ್ತಾರೆ. ಅದಕ್ಕೆ ಇಸಿಯುನಿಂದ ಬೇಕಾದ್ದು ಒಂದು ಸಣ್ಣ ಸಿಗ್ನಲ್, ಸಾಮಾನ್ಯವಾಗಿ 5 ವೋಲ್ಟ್‌ನದು. ಕರೆಂಟೂ ಕೆಲವು ಮಿಲಿಆಂಪ್‌ಗಳಷ್ಟೇ. ದೊಡ್ಡ ಕರೆಂಟ್ ಬ್ಯಾಟರಿಯಿಂದ ರಿಲೇ ಮೂಲಕ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ, ಇಸಿಯು ಹತ್ತಿರವೂ ಸುಳಿಯುವುದಿಲ್ಲ. ಹೊಸದಾಗಿ ವೈರಿಂಗ್ ಎಳೆಯುವವರಿಗೆ ನಾನು ಹೇಳುವುದು ಇದನ್ನೇ. ಇಸಿಯು ತಣ್ಣಗಿರುತ್ತದೆ, ಉದ್ದ ತಂತಿಯಲ್ಲಿ ದೊಡ್ಡ ಕರೆಂಟ್ ಕಡಿಯುವ ಗಲಾಟೆ ಇರುವುದಿಲ್ಲ, ಒಂದು ಕಾಯಿಲ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಇಗ್ನೈಟರ್ ಇಲ್ಲದ ಕಾಯಿಲ್‌ಗೆ 12 ವೋಲ್ಟ್ ಮತ್ತು ನೆಗೆಟಿವ್ ಎಂಬ ಎರಡೇ ತಂತಿ. ನೆಗೆಟಿವ್ ಬದಿಯನ್ನು ಯಾರಾದರೂ ಅರ್ಥ್‌ಗೆ ಎಳೆದು ಬಿಡಬೇಕು. ಇಸಿಯು ಒಳಗೆ ಆ ತಾಕತ್ತಿನ ಡ್ರೈವರ್ (ಅಂದರೆ ಇಗ್ನೈಟರ್ ಸ್ವಿಚ್) ಇದ್ದರೆ ನೇರವಾಗಿ ಜೋಡಿಸಬಹುದು. ಇಲ್ಲದಿದ್ದರೆ ಹೊರಗೆ ಇಗ್ನೈಟರ್ ಮಾಡ್ಯೂಲ್ ಹಾಕಬೇಕು. ಒಂದು, ಎರಡು, ನಾಲ್ಕು ಚಾನೆಲ್‌ನವು ಸಿಗುತ್ತವೆ. ಇವು ಚೆನ್ನಾಗಿ ಬಿಸಿಯಾಗುತ್ತವೆ. ಥರ್ಮಲ್ ಪೇಸ್ಟ್ ಹಚ್ಚಿ ದಪ್ಪ ಅಲ್ಯುಮಿನಿಯಂ ಮೇಲೆ ಬಿಗಿಯಬೇಕು, ಎಲ್ಲೋ ಟೈ ಹಾಕಿ ನೇತುಹಾಕಿದರೆ ಬಾಳುವುದಿಲ್ಲ.

ತಪ್ಪು ಜೋಡಣೆಯ ಬೆಲೆ ದೊಡ್ಡದು. ಬರೀ ಸಿಗ್ನಲ್ ಕೊಡುವ ಪಿನ್‌ಗೆ ಇಗ್ನೈಟರ್ ಇಲ್ಲದ ಕಾಯಿಲ್‌ನ ನೆಗೆಟಿವ್ ಕೊಟ್ಟರೆ, ಕರೆಂಟ್ ಕಡಿದಾಗ ಆ ತಂತಿಯಲ್ಲಿ ಹಾರುವ ನೂರಾರು ವೋಲ್ಟ್ ಸೀದಾ ಇಸಿಯು ಒಳಗೆ ನುಗ್ಗುತ್ತದೆ. ಕೆಲವು ಇಸಿಯುಗಳಲ್ಲಿ ಎರಡೂ ಬಗೆಯ ಕಾಯಿಲ್‌ಗೆ ಒಂದೇ ಪಿನ್ ಇರುತ್ತದೆ, ಯಾವುದು ಅನ್ನುವುದನ್ನು ಸಾಫ್ಟ್‌ವೇರ್‌ನಲ್ಲಿ ಆರಿಸಬೇಕು. ಅಂಥದ್ದಿದ್ದರೆ ಕಾಯಿಲ್‌ಗಳ ಫ್ಯೂಸ್ ತೆಗೆದಿಟ್ಟು, ಆ ಸೆಟ್ಟಿಂಗ್ ಸರಿ ಮಾಡಿ, ಉಳಿಸಿ, ಮತ್ತೊಮ್ಮೆ ತೆರೆದು ನೋಡಿ, ಆಮೇಲೆ ಫ್ಯೂಸ್ ಹಾಕಿ.

ಕೈಯಲ್ಲಿರುವ ಕಾಯಿಲ್ ಯಾವ ಬಗೆಯದು ಅಂತ ಪಿನ್ ಎಣಿಸಿ ಹೇಳುವವರಿದ್ದಾರೆ. ಎರಡು ಪಿನ್ ಇದ್ದರೆ ಇಗ್ನೈಟರ್ ಇಲ್ಲ ಅನ್ನುವುದು ಹೆಚ್ಚುಕಮ್ಮಿ ನಿಜ. ಆದರೆ ಮೂರು ಪಿನ್ ಕಂಡ ತಕ್ಷಣ ಸ್ಮಾರ್ಟ್ ಅಂದುಕೊಳ್ಳಬೇಡಿ. ನಾಲ್ಕು ಸಿಲಿಂಡರ್‌ನ ವೇಸ್ಟೆಡ್ ಸ್ಪಾರ್ಕ್ (ಎರಡು ಸಿಲಿಂಡರ್‌ಗೆ ಒಟ್ಟಿಗೆ ಕಿಡಿ ಕೊಡುವ) ಪ್ಯಾಕ್‌ನಲ್ಲೂ ಮೂರು ಪಿನ್ ಇರುತ್ತವೆ: ಒಂದು 12 ವೋಲ್ಟ್, ಎರಡು ನೆಗೆಟಿವ್. ಮಲ್ಟಿಮೀಟರ್‌ನಲ್ಲಿ ಪಿನ್‌ಗಳ ನಡುವೆ ಅಳೆಯಿರಿ. ಅರ್ಧ ಓಮ್, ಒಂದು ಓಮ್‌ನಷ್ಟು ಕಂಡರೆ ನೀವು ನೇರವಾಗಿ ಪ್ರೈಮರಿ ಸುರುಳಿಯನ್ನೇ ಅಳೆಯುತ್ತಿದ್ದೀರಿ. ಅಂದರೆ ಇಗ್ನೈಟರ್ ಇಲ್ಲ.

ಹೆಚ್ಚಾಗಿ ಬಳಸುವ ಕಾಯಿಲ್‌ಗಳು

ಜಿಎಂ (ಜನರಲ್ ಮೋಟರ್ಸ್) ಕಂಪನಿಯ ಎಲ್‌ಎಸ್ ಇಂಜಿನ್‌ನ ಕಾಯಿಲ್‌ಗಳಿಂದ ಶುರು ಮಾಡೋಣ. ಇವು ಪ್ಲಗ್ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಬಿಗಿದು ಚಿಕ್ಕ ಪ್ಲಗ್ ವೈರ್ ಎಳೆಯಬೇಕು. ಟ್ರಕ್ ಇಂಜಿನ್‌ಗಳಲ್ಲಿ ಬರುತ್ತಿದ್ದ, ಹೀಟ್ ಸಿಂಕ್ ಇರುವ ಡಿ585 ಎಲ್ಲರಿಗೂ ಇಷ್ಟವಾದದ್ದು. ನಾಲ್ಕು ಪಿನ್. ಎ ಅಂದರೆ ಇಂಜಿನ್ ಅರ್ಥ್, ಬಿ ಅಂದರೆ ಸಿಗ್ನಲ್‌ನ ಅರ್ಥ್, ಸಿ ಅಂದರೆ ಇಸಿಯು ಸಿಗ್ನಲ್, ಡಿ ಅಂದರೆ 12 ವೋಲ್ಟ್. ವೈರಿಂಗ್ ಕಲಿಯುವವರಿಗೆ ಇದಕ್ಕಿಂತ ಸುಲಭದ್ದು ಸಿಗಲಾರದು. ಸಿಗ್ನಲ್‌ಗೆ ಬೇರೆ ಅರ್ಥ್, ಪವರ್‌ಗೆ ಬೇರೆ ಅರ್ಥ್ ಅನ್ನುವ ಪಾಠ ಕನೆಕ್ಟರ್‌ನಲ್ಲೇ ಇದೆ. ನಾಲ್ಕು ಸಿಲಿಂಡರ್ ಟರ್ಬೊ ಇಂಜಿನ್‌ಗೆ, ಜಾಗ ಇದ್ದರೆ, ನಾನು ಇದನ್ನೇ ಹಾಕಲು ಹೇಳುತ್ತೇನೆ.

ಐಜಿಎನ್-1ಎ ಅನ್ನುವುದು ಇನ್ನೂ ದೊಡ್ಡ ಪ್ರಾಣಿ. 100 ಮಿಲಿಜೂಲ್ ಮಟ್ಟದ ಕಿಡಿ, ರೇಸ್ ಇಂಜಿನ್‌ಗಳಲ್ಲಿ, ರೋಟರಿ ಇಂಜಿನ್‌ಗಳಲ್ಲಿ ತುಂಬಾ ಬಳಕೆ. ಇದಕ್ಕೆ ಐದು ಪಿನ್. ಎ ಸಿಗ್ನಲ್, ಬಿ ಇಸಿಯು ಅರ್ಥ್, ಸಿ ಸಿಲಿಂಡರ್ ಹೆಡ್ ಅರ್ಥ್, ಡಿ ಬ್ಯಾಟರಿ ಅರ್ಥ್, ಇ 12 ವೋಲ್ಟ್. ಮೂರು ಅರ್ಥ್ ಯಾಕೆ ಅನ್ನುವುದಕ್ಕೆ ಮುಂದೆ ಬರುತ್ತೇನೆ. ಈ ಕಾಯಿಲ್ ಹಸಿದಿರುತ್ತದೆ. ಕಿಡಿಗೆ ಸ್ವಲ್ಪ ಮುಂಚೆ ಎಳೆಯುವ ಕರೆಂಟ್ 15 ಆಂಪ್ ದಾಟಬಹುದು. ತೆಳ್ಳಗಿನ ಹಳೆ ವೈರಿಂಗ್ ಮೇಲೆ ಇದನ್ನು ಕೂರಿಸಿದರೆ ಕೊಟ್ಟ ದುಡ್ಡು ದಂಡ.

ಪ್ಲಗ್ ಮೇಲೆ ನೇರವಾಗಿ ಕೂರುವವುಗಳಲ್ಲಿ ಎರಡು ಕಾಯಿಲ್‌ಗಳು ಜನಪ್ರಿಯ. ಒಂದು ಫೋಕ್ಸ್‌ವ್ಯಾಗನ್-ಆಡಿ ಬಳಗದ್ದು, ಆಡಿ ಆರ್8 ಕಾಯಿಲ್ ಅಂತಲೇ ಹೆಸರಾದ ಕೆಂಪು ತಲೆಯದು. ನಾಲ್ಕು ಪಿನ್, ಅದರಲ್ಲಿ ಎರಡು ಅರ್ಥ್. ಇನ್ನೊಂದು ನಿಸಾನ್ ಆರ್35 ಜಿಟಿ-ಆರ್‌ನದು. ಮೂರೇ ಪಿನ್: 12 ವೋಲ್ಟ್, ಅರ್ಥ್, ಸಿಗ್ನಲ್. ಇವುಗಳ ದೊಡ್ಡ ಲಾಭ ಅಂದರೆ ಪ್ಲಗ್ ವೈರ್ ಇಲ್ಲ. ಹಾಗಾಗಿ ಸೋರಿಕೆ ಕಡಿಮೆ, ರೇಡಿಯೊ ಗಲಾಟೆಯೂ ಕಡಿಮೆ. ಕಷ್ಟ ಏನೆಂದರೆ ಪ್ಲಗ್ ಬಾವಿಯ ಆಳ, ಅಗಲ ನಿಮ್ಮ ಇಂಜಿನ್‌ಗೆ ಹೊಂದಬೇಕು. ಬಿಗಿಯಲು ಅಡಾಪ್ಟರ್ ಬೇಕಾಗಬಹುದು. ಹೆಡ್ ಮೇಲಿನ ಬಿಸಿಯನ್ನೂ ಅವು ತಡೆದುಕೊಳ್ಳಬೇಕು.

ಟೊಯೊಟಾದ ನಾಲ್ಕು ಪಿನ್ ಕಾಯಿಲ್ ಹಾಕುವವರಿಗೆ ಒಂದು ಮಾತು. ಅದರಲ್ಲಿ ಐಜಿಎಫ್ ಅನ್ನುವ ಒಂದು ಪಿನ್ ಇದೆ. ಕಿಡಿ ಆಯಿತು ಅಂತ ಕಾಯಿಲ್ ತನ್ನ ಮೂಲ ಇಸಿಯುಗೆ ಹೇಳುವ ದಾರಿ ಅದು. ಹೊಸ ಇಸಿಯು ಆ ಮಾತನ್ನು ಕೇಳುವುದಿಲ್ಲ, ಹಾಗಾಗಿ ಪಿನ್ ಖಾಲಿ ಬಿಟ್ಟರೆ ಸಾಕು. ಆದರೆ ಮೂಲ ಇಸಿಯುವನ್ನೂ ಉಳಿಸಿಕೊಂಡು ಅದರ ಜೊತೆಗೆ ಇನ್ನೊಂದನ್ನು ನಡೆಸುತ್ತಿದ್ದರೆ, ಐಜಿಎಫ್ ಬರದಿದ್ದಾಗ ಮೂಲ ಇಸಿಯು ಇಂಧನವನ್ನೇ ನಿಲ್ಲಿಸಿಬಿಡುತ್ತದೆ. ಎಷ್ಟು ಹುಡುಕಿದರೂ ಸಿಗದ ತೊಂದರೆ ಇದು.

ಈ ಎಲ್ಲ ಕಾಯಿಲ್‌ಗಳಿಗೂ ನೋಡಲು ಹಾಗೆಯೇ ಇರುವ ನಕಲುಗಳು ಸಿಗುತ್ತವೆ. ನಕಲಿನಲ್ಲಿ ತಾಮ್ರದ ಸುತ್ತು ಬೇರೆ, ಒಳಗಿನ ಟ್ರಾನ್ಸಿಸ್ಟರ್ ಬೇರೆ. ಅಸಲಿಯ ಡ್ವೆಲ್ ಅಂಕಿಗಳನ್ನು ಅದಕ್ಕೆ ಕೊಟ್ಟರೆ ಒಂದೋ ಸಾಲುವುದಿಲ್ಲ, ಇಲ್ಲವೇ ಸುಟ್ಟುಹೋಗುತ್ತದೆ. ಅದಕ್ಕೇ ನನ್ನ ಮಟ್ಟಿಗೆ ಡ್ವೆಲ್ ಅಂಕಿ ಸಿಗದ ಕಾಯಿಲ್, ಎಷ್ಟೇ ಮಿಲಿಜೂಲ್ ಬರೆದುಕೊಂಡಿದ್ದರೂ, ಆಯ್ಕೆಯಲ್ಲೇ ಇಲ್ಲ.

ಡ್ವೆಲ್ ಅನ್ನುವ ಹೊತ್ತು

ಕಿಡಿಗೆ ಮುಂಚೆ ಕಾಯಿಲ್‌ಗೆ ಕರೆಂಟ್ ತುಂಬಿಸುವ ಹೊತ್ತೇ ಡ್ವೆಲ್. ದೊಡ್ಡ ಕಾಯಿಲ್‌ಗಳಿಗೆ 14 ವೋಲ್ಟ್‌ನಲ್ಲಿ ಸುಮಾರು 3ರಿಂದ 4 ಮಿಲಿಸೆಕೆಂಡ್ ಬೇಕಾಗುತ್ತದೆ. ಕಾಯಿಲ್‌ನಲ್ಲಿ ಸೇರುವ ಶಕ್ತಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. 3 ಮಿಲಿಹೆನ್ರಿ ಇಂಡಕ್ಟನ್ಸ್‌ನ (ಸುರುಳಿ ಶಕ್ತಿ ಹಿಡಿದಿಡುವ ಗುಣದ ಅಳತೆ) ಒಂದು ಕಾಯಿಲ್ ತೆಗೆದುಕೊಳ್ಳಿ. 6 ಆಂಪ್ ತುಂಬಿದಾಗ 54 ಮಿಲಿಜೂಲ್. 8 ಆಂಪ್ ತುಂಬಿದಾಗ 96. ಎರಡೇ ಆಂಪ್ ಹೆಚ್ಚಿಗೆ, ಶಕ್ತಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರಿತು, ಅಲ್ವಾ?

ಹಾಗಾದರೆ ಡ್ವೆಲ್ ಏರಿಸುತ್ತಲೇ ಹೋಗೋಣ ಅನಿಸಬಹುದು. ಆಗುವುದಿಲ್ಲ. ಕಬ್ಬಿಣದ ತಿರುಳು ತುಂಬಿಹೋದ ಮೇಲೆ ಕರೆಂಟ್ ಮಾತ್ರ ಏರುತ್ತದೆ, ಕಿಡಿ ಬೆಳೆಯುವುದಿಲ್ಲ. ಉಳಿದದ್ದೆಲ್ಲ ಬಿಸಿ. ಕೆಲವು ಸ್ಮಾರ್ಟ್ ಕಾಯಿಲ್‌ಗಳಲ್ಲಿ ಇನ್ನೊಂದು ಅಪಾಯ ಇದೆ. ಕರೆಂಟ್ ಮಿತಿ ಮೀರಿದಾಗ ತಮ್ಮನ್ನು ಉಳಿಸಿಕೊಳ್ಳಲು ಅವು ತಾವಾಗಿಯೇ ಕಿಡಿ ಬಿಟ್ಟುಬಿಡುತ್ತವೆ. ಅಂದರೆ ಇಸಿಯು ಹೇಳಿದ ಹೊತ್ತಿಗಿಂತ ಮುಂಚೆಯೇ ಕಿಡಿ. ಪೂರ್ತಿ ಬೂಸ್ಟ್‌ನಲ್ಲಿ ಹಾಗಾದರೆ ಪಿಸ್ಟನ್ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ಡ್ವೆಲ್ ಒಂದೇ ಅಂಕಿಯಲ್ಲ, ವೋಲ್ಟೇಜ್‌ಗೆ ತಕ್ಕಂತೆ ಬದಲಾಗುವ ಸಾಲು. ಸ್ಟಾರ್ಟ್ ಮಾಡುವಾಗ ಬ್ಯಾಟರಿ 10 ವೋಲ್ಟ್‌ಗೆ ಇಳಿದರೆ ಅದೇ ಕರೆಂಟ್ ತುಂಬಲು ತುಂಬಾ ಹೆಚ್ಚು ಹೊತ್ತು ಬೇಕು. ಹಾಲ್ಟೆಕ್, ಲಿಂಕ್, ಮೆಗಾಸ್ಕ್ವರ್ಟ್, ಇಸಿಯುಮಾಸ್ಟರ್, ಯಾವ ಹೆಸರಿನ ಇಸಿಯು ತೆಗೆದುಕೊಂಡರೂ ಇದಕ್ಕೊಂದು ಟೇಬಲ್ ಇದ್ದೇ ಇರುತ್ತದೆ. ಹೆಸರಾದ ಕಾಯಿಲ್‌ಗಳ ಅಂಕಿಗಳನ್ನು ಮೊದಲೇ ತುಂಬಿಟ್ಟ ಸಾಫ್ಟ್‌ವೇರ್‌ಗಳೂ ಇವೆ. ಅಂಥದ್ದಿದ್ದರೆ ಆ ಕಾಯಿಲ್‌ಗೇ ಮೊದಲ ಮಣೆ ಹಾಕಿ.

ಹೊತ್ತು ಎಲ್ಲಿಂದ ಬರುತ್ತದೆ ಅನ್ನುವುದನ್ನೂ ಲೆಕ್ಕ ಹಾಕಬೇಕು. 6000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಎಂಟು ಸಿಲಿಂಡರ್‌ಗೆ ಡಿಸ್ಟ್ರಿಬ್ಯೂಟರ್ ಜೊತೆ ಒಂದೇ ಕಾಯಿಲ್ ಇದ್ದರೆ, ಸುತ್ತಿಗೆ ನಾಲ್ಕು ಕಿಡಿ. ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಎರಡೂವರೆ ಮಿಲಿಸೆಕೆಂಡ್ ಮಾತ್ರ. 3 ಮಿಲಿಸೆಕೆಂಡ್ ಡ್ವೆಲ್ ಅಲ್ಲಿ ಹಿಡಿಸುವುದೇ ಇಲ್ಲ. ಸಿಲಿಂಡರ್‌ಗೊಂದು ಕಾಯಿಲ್ ಹಾಕಿ ಸೀಕ್ವೆನ್ಷಿಯಲ್ (ಪ್ರತಿ ಸಿಲಿಂಡರ್‌ಗೆ ಅದರ ಸರದಿಯಲ್ಲಿ ಮಾತ್ರ ಕಿಡಿ) ಮಾಡಿದರೆ ಪ್ರತಿ ಕಾಯಿಲ್‌ಗೂ 20 ಮಿಲಿಸೆಕೆಂಡ್ ಸಿಗುತ್ತದೆ. ಎಷ್ಟು ಆರಾಮ ನೋಡಿ.

ವೇಸ್ಟೆಡ್ ಸ್ಪಾರ್ಕ್ ಸಾಕಾ, ಸೀಕ್ವೆನ್ಷಿಯಲ್ ಬೇಕಾ?

ವೇಸ್ಟೆಡ್ ಸ್ಪಾರ್ಕ್‌ನಲ್ಲಿ ಜೋಡಿ ಸಿಲಿಂಡರ್‌ಗಳಿಗೆ ಒಟ್ಟಿಗೆ ಕಿಡಿ ಹೋಗುತ್ತದೆ. 1-3-4-2 ಕ್ರಮದ ಇಂಜಿನ್‌ನಲ್ಲಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಒಂದರಲ್ಲಿ ಕಂಪ್ರೆಷನ್ ನಡೆದಿದ್ದರೆ ಇನ್ನೊಂದರಲ್ಲಿ ಹೊಗೆ ಹೊರಗೆ ಹೋಗುತ್ತಿರುತ್ತದೆ, ಅಲ್ಲಿನ ಕಿಡಿ ಸುಮ್ನೆ ಹೋಗುತ್ತದೆ. ಇದಕ್ಕೆ ಕ್ಯಾಮ್ ಸೆನ್ಸರ್ (ಯಾವ ಸಿಲಿಂಡರ್‌ನ ಸರದಿ ಅಂತ ಹೇಳುವುದು) ಬೇಡ, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ಸುತ್ತಿನಲ್ಲಿ ಎಲ್ಲಿದೆ ಅಂತ ಹೇಳುವುದು) ಸಾಕು. ಇಸಿಯುನಲ್ಲಿ ಎರಡೇ ಇಗ್ನಿಷನ್ ಪಿನ್ ಇದ್ದರೂ ನಾಲ್ಕು ಸಿಲಿಂಡರ್ ನಡೆಯುತ್ತದೆ.

ನಾಲ್ಕು ಸ್ಮಾರ್ಟ್ ಕಾಯಿಲ್ ಇಟ್ಟುಕೊಂಡೂ ಹೀಗೆ ಮಾಡಬಹುದು. ಜೋಡಿ ಕಾಯಿಲ್‌ಗಳ ಸಿಗ್ನಲ್ ತಂತಿಯನ್ನು ಒಂದೇ ಪಿನ್‌ಗೆ ಸೇರಿಸಿದರೆ ಆಯಿತು. ಆ ಪಿನ್ ಎರಡು ಕಾಯಿಲ್‌ಗೆ ಬೇಕಾದ ಸಿಗ್ನಲ್ ಕರೆಂಟ್ ಕೊಡಬಲ್ಲದಾ ಅಂತ ಮಾತ್ರ ನೋಡಿಕೊಳ್ಳಿ. ಆದರೆ ಪ್ರತಿ ಕಾಯಿಲ್ ಈಗ ಸುತ್ತಿಗೊಮ್ಮೆ ಕೆಲಸ ಮಾಡುತ್ತದೆ, ಅಂದರೆ ಬಿಸಿ ಎರಡು ಪಟ್ಟು. 9000 ಆರ್‌ಪಿಎಂ ಮುಟ್ಟುವ ಇಂಜಿನ್‌ನಲ್ಲಿ ಸುತ್ತಿಗೆ 6.7 ಮಿಲಿಸೆಕೆಂಡ್ ಮಾತ್ರ. 4 ಮಿಲಿಸೆಕೆಂಡ್ ಡ್ವೆಲ್ ಕೊಟ್ಟರೆ ಕಾಯಿಲ್ ಅರ್ಧಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಎಳೆಯುತ್ತಲೇ ಇರುತ್ತದೆ. ತುಂಬಾ ಹೊತ್ತು ಹಾಗೆ ಓಡಿಸಲು ಎಲ್ಲ ಕಾಯಿಲ್ ಒಪ್ಪುವುದಿಲ್ಲ.

ಇಗ್ನೈಟರ್ ಇಲ್ಲದ ಎರಡು ಕಾಯಿಲ್‌ಗಳನ್ನು ಒಂದೇ ಡ್ರೈವರ್‌ಗೆ ಹಾಕುವುದು ಬೇರೆ ಕತೆ. ಸಾಲಾಗಿ ಜೋಡಿಸಿದರೆ ವೋಲ್ಟೇಜ್ ಹಂಚಿಹೋಗುತ್ತದೆ. ಅಕ್ಕಪಕ್ಕ ಜೋಡಿಸಿದರೆ ಡ್ರೈವರ್ ಮೇಲೆ ಎರಡು ಪಟ್ಟು ಕರೆಂಟ್ ಬೀಳುತ್ತದೆ. ಹೆಚ್ಚಿನ ಕಿಡಿಗಾಗಿ ಕಾಯಿಲ್ ಬದಲಿಸುತ್ತಿರುವವರು ಈ ದಾರಿಗೆ ಹೋಗಬಾರದು.

ಕ್ಯಾಮ್ ಸೆನ್ಸರ್ ಇದ್ದು, ಪಿನ್‌ಗಳೂ ಇದ್ದರೆ ಸೀಕ್ವೆನ್ಷಿಯಲ್ ಮಾಡಿ. ಯೋಚಿಸಬೇಕಾದ್ದೇ ಇಲ್ಲ.

ಸಿಡಿಐ ಯಾರಿಗೆ?

ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಬೇರೆಯದೇ ಬಗೆ. ಕೆಪಾಸಿಟರ್ ಒಂದನ್ನು ನೂರಾರು ವೋಲ್ಟ್‌ಗೆ ತುಂಬಿಸಿ ಕಾಯಿಲ್‌ಗೆ ಒಮ್ಮೆಲೇ ಸುರಿಯುತ್ತಾರೆ. ಡ್ವೆಲ್‌ನ ರಗಳೆ ಇಲ್ಲ. ಎಷ್ಟೇ ಆರ್‌ಪಿಎಂ ಇದ್ದರೂ ಕಿಡಿ ಸೊರಗುವುದಿಲ್ಲ. ಒದ್ದೆಯಾದ ಪ್ಲಗ್ ಮೇಲೂ ಕಿಡಿ ಹಾರುತ್ತದೆ. ಹಾಗಾಗಿ ಮೆಥನಾಲ್ ಇಂಜಿನ್, ತುಂಬಾ ಬೂಸ್ಟ್ ಇರುವ ರೇಸ್ ಇಂಜಿನ್‌ಗಳಿಗೆ ಸರಿ. ಆದರೆ ಆ ಕಿಡಿ ಬಾಳುವುದು ಕ್ಷಣ ಮಾತ್ರ. ಸಾಮಾನ್ಯ ಕಾಯಿಲ್‌ನ ಕಿಡಿ ಸುಮಾರು 1ರಿಂದ 2 ಮಿಲಿಸೆಕೆಂಡ್ ಉರಿಯುತ್ತದೆ. ಐಡಲ್‌ನಲ್ಲಿ, ತೆಳುವಾದ ಮಿಶ್ರಣದಲ್ಲಿ ಆ ಉದ್ದ ಕಿಡಿಯೇ ಬೇಕು. ದಿನಾ ಓಡಿಸುವ ಗಾಡಿಗೆ ಸಿಡಿಐ ನಾನು ಹೇಳುವುದಿಲ್ಲ. ಸ್ಮಾರ್ಟ್ ಕಾಯಿಲ್ ಅನ್ನು ಸಿಡಿಐ ಪೆಟ್ಟಿಗೆಗೆ ಜೋಡಿಸಲಂತೂ ಬರುವುದೇ ಇಲ್ಲ, ಅದಕ್ಕೆಂದೇ ಮಾಡಿದ ಕಾಯಿಲ್ ಬೇಕು.

12 ವೋಲ್ಟ್ ಎಲ್ಲಿ ಕಳೆದುಹೋಗುತ್ತದೆ

ನಾಲ್ಕು ಸಿಲಿಂಡರ್‌ನ ಒಂದು ಟರ್ಬೊ ಇಂಜಿನ್ ನನ್ನನ್ನು ಹದಿನೈದು ದಿನ ಕಾಡಿತ್ತು. ಒಂದು ಬಾರ್ ಬೂಸ್ಟ್ ದಾಟಿದರೆ ಮಿಸ್. ಕಾಯಿಲ್ ಎರಡು ಸಲ ಬದಲಾಯಿತು, ಪ್ಲಗ್ ಮೂರು ಸಲ. ಕೊನೆಗೆ ಮಲ್ಟಿಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದನ್ನು ಕಾಯಿಲ್‌ನ 12 ವೋಲ್ಟ್ ಪಿನ್‌ಗೆ ಇಟ್ಟು ಇಂಜಿನ್ ಓಡಿಸಿದೆ. 1 ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ಕಾಯಿಲ್‌ಗೆ ಹೋಗುತ್ತಿದ್ದದ್ದು ಕೀ ಸ್ವಿಚ್ ದಾಟಿ, ಹಳೆಯ ಕನೆಕ್ಟರ್‌ಗಳ ಮೂಲಕ ಬಂದ ತೆಳ್ಳಗಿನ ತಂತಿ. ಮಲ್ಟಿಮೀಟರ್ ತೋರಿಸುವುದು ಸರಾಸರಿ ಮಾತ್ರ. ಡ್ವೆಲ್ ಕೊನೆಯಲ್ಲಿ ಕರೆಂಟ್ ತುದಿ ಮುಟ್ಟಿದಾಗ ಆ ಕುಸಿತ ಇನ್ನೂ ದೊಡ್ಡದಿರುತ್ತದೆ. ಹೊಸ ರಿಲೇ, ದಪ್ಪ ತಂತಿ ಹಾಕಿದ ದಿನವೇ ಮಿಸ್ ನಿಂತಿತು. ಮೊದಲು ತೆಗೆದಿಟ್ಟಿದ್ದ ಕಾಯಿಲ್‌ಗಳನ್ನೇ ಮತ್ತೆ ಹಾಕಿ ನೋಡಿದೆ, ಆಗಲೂ ಮಿಸ್ ಬರಲಿಲ್ಲ.

ಇದರ ಲೆಕ್ಕ ಸರಳ. ಅದೇ ಡ್ವೆಲ್‌ನಲ್ಲಿ ಕರೆಂಟ್ ವೋಲ್ಟೇಜ್‌ಗೆ ತಕ್ಕಂತೆ ಇಳಿಯುತ್ತದೆ, ಶಕ್ತಿ ಅದರ ವರ್ಗಕ್ಕೆ ತಕ್ಕಂತೆ. 14 ವೋಲ್ಟ್ ಬದಲು 12 ತಲುಪಿದರೆ ಕಿಡಿಯ ಶಕ್ತಿ ಕಾಲು ಭಾಗಕ್ಕಿಂತ ಹೆಚ್ಚು ಹೋಯಿತು. ಇಸಿಯು ಡ್ವೆಲ್ ಹೆಚ್ಚಿಸಿ ಸರಿ ಮಾಡುವುದಿಲ್ಲವಾ ಅಂದರೆ, ಇಲ್ಲ. ಅದು ಅಳೆಯುವುದು ತನ್ನ ಪಿನ್‌ನಲ್ಲಿರುವ ವೋಲ್ಟೇಜ್ ಅನ್ನು. ಅಲ್ಲಿ 14 ಇದ್ದೇ ಇದೆ. ಕಾಯಿಲ್ ಹತ್ತಿರ ಏನಾಗಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಕಾಯಿಲ್‌ಗಳಿಗೇ ಒಂದು ರಿಲೇ ಇಡಿ. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ ಕಾಯಿಲ್‌ಗಳ ಹತ್ತಿರದವರೆಗೆ ಒಂದು ದಪ್ಪ ತಂತಿ, ಅಲ್ಲಿ ಕವಲೊಡೆದು ಪ್ರತಿ ಕಾಯಿಲ್‌ಗೆ. ನಾಲ್ಕು ದೊಡ್ಡ ಕಾಯಿಲ್‌ಗೆ ಮುಖ್ಯ ತಂತಿ ಎರಡೂವರೆ ಚದರ ಮಿಲಿಮೀಟರ್, ಎಂಟಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ. ಸರಾಸರಿ ಕರೆಂಟ್ ನೋಡಿದರೆ ಇಷ್ಟು ದಪ್ಪ ಯಾಕೆ ಅನಿಸುತ್ತದೆ. ತುದಿ 15 ಆಂಪ್, ಡ್ವೆಲ್ 3 ಮಿಲಿಸೆಕೆಂಡ್ ಅಂದುಕೊಂಡರೂ 6000 ಆರ್‌ಪಿಎಂನಲ್ಲಿ ಒಂದು ಕಾಯಿಲ್‌ನ ಸರಾಸರಿ ಒಂದು ಆಂಪ್ ಚಿಲ್ಲರೆ. ಫ್ಯೂಸ್‌ಗೆ ಸರಾಸರಿ ಸಾಕು. ತಂತಿಗೆ ತುದಿ ಮುಖ್ಯ, ಕಿಡಿಯ ಶಕ್ತಿ ತೀರ್ಮಾನವಾಗುವುದು ಆ ಕೊನೆಯ ಗಳಿಗೆಯಲ್ಲೇ. ಸಿಗ್ನಲ್ ತಂತಿಗಳಿಗೆ ಅರ್ಧ ಚದರ ಮಿಲಿಮೀಟರ್ ಸಾಕು.

ರಿಲೇಯನ್ನು ಇಸಿಯು ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು. ಕೀ ಹಾಕಿದ ಕ್ಷಣದಲ್ಲಿ ಇಸಿಯು ಎಚ್ಚರವಾಗುವ ಮುಂಚೆ ಅದರ ಪಿನ್‌ಗಳು ಯಾವ ಸ್ಥಿತಿಯಲ್ಲಿರುತ್ತವೆ ಅಂತ ಹೇಳಲಾಗದು. ಆಗಲೇ ಕಾಯಿಲ್‌ಗೆ ಪವರ್ ಇದ್ದರೆ ಬೇಡದ ಕಿಡಿಯೊಂದು ಹಾರಬಹುದು.

ಮೂರು ಅರ್ಥ್ ಯಾಕೆ

ಜನ ಅಸಡ್ಡೆ ಮಾಡುವ ಜಾಗ ಇದು, ಅದಕ್ಕೇ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಕಾಯಿಲ್‌ನಲ್ಲಿ ಮೂರು ಬೇರೆ ಬೇರೆ ಕರೆಂಟ್‌ಗಳು ಮನೆಗೆ ಮರಳುವ ದಾರಿ ಹುಡುಕುತ್ತವೆ. ಮೊದಲನೆಯದು ಪ್ರೈಮರಿಯ ದೊಡ್ಡ ಕರೆಂಟ್, ಬ್ಯಾಟರಿಗೆ ಹೋಗಬೇಕು. ಎರಡನೆಯದು ಕಿಡಿಯ ಕರೆಂಟ್. ಅದು ಪ್ಲಗ್ ದಾಟಿ ಸಿಲಿಂಡರ್ ಹೆಡ್‌ಗೆ ಬಂದು, ಅಲ್ಲಿಂದ ಕಾಯಿಲ್‌ಗೆ ಮರಳಬೇಕು. ಮೂರನೆಯದು ಸಿಗ್ನಲ್‌ನ ಪುಟ್ಟ ಕರೆಂಟ್, ಇಸಿಯುಗೆ ಹೋಗಬೇಕು.

ಹೆಡ್‌ನಿಂದ ಕಾಯಿಲ್‌ಗೆ ಚಿಕ್ಕ, ಒಳ್ಳೆಯ ದಾರಿ ಇಲ್ಲದಿದ್ದರೆ ಕಿಡಿಯ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಬಹಳ ಸಲ ಅದು ಇಸಿಯುವಿನ ಅರ್ಥ್ ತಂತಿ. ಆಗ ಪ್ರತಿ ಕಿಡಿಗೂ ಕ್ರ್ಯಾಂಕ್ ಸೆನ್ಸರ್ ಸಿಗ್ನಲ್ ನಡುಗುತ್ತದೆ, ಇಂಜಿನ್ ಎಲ್ಲಿದೆ ಅನ್ನುವ ಲೆಕ್ಕ (ಟ್ರಿಗರ್) ಇಸಿಯುಗೆ ತಪ್ಪುತ್ತದೆ, ಲ್ಯಾಪ್‌ಟಾಪ್ ಸಂಪರ್ಕ ಕಡಿದುಹೋಗುತ್ತದೆ. ನೋಡುವವರಿಗೆ ಸೆನ್ಸರ್ ಕೆಟ್ಟಿದೆ ಅನಿಸುತ್ತದೆ. ಸೆನ್ಸರ್ ಪಾಪ, ಅದರದ್ದೇನೂ ತಪ್ಪಿಲ್ಲ.

ಹೆಡ್ ಮೇಲೆ ಒಂದು ಬೋಲ್ಟ್ ಆರಿಸಿ. ಬಣ್ಣ, ಎಣ್ಣೆ, ತುಕ್ಕು ತೆಗೆದು ಲೋಹ ಹೊಳೆಯುವಂತೆ ಉಜ್ಜಿ. ಹೆಡ್ ಅರ್ಥ್ ತಂತಿಗಳು ಆದಷ್ಟು ಚಿಕ್ಕದಾಗಿ ಅಲ್ಲಿಗೆ ಬರಲಿ. ಪವರ್ ಅರ್ಥ್ ಒಂದೇ ಇರುವ ಕಾಯಿಲ್‌ಗಳದ್ದೂ ಅಲ್ಲಿಗೇ ಬರಲಿ. ಹೆಡ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ದಪ್ಪನೆಯ ಕೇಬಲ್ ಇರಲೇಬೇಕು. ಸಿಗ್ನಲ್ ಅರ್ಥ್ ಬೇರೆ ಇದ್ದರೆ ಅದು ಇಸಿಯುವಿನ ಅರ್ಥ್ ಸೇರುವ ಬಿಂದುವಿಗೇ ಹೋಗಲಿ. ಯಾವ ಕಾರಣಕ್ಕೂ ಕಾಯಿಲ್‌ನ ಯಾವುದೇ ಅರ್ಥ್ ಅನ್ನು ಸೆನ್ಸರ್‌ಗಳ ಅರ್ಥ್‌ಗೆ ಸೇರಿಸಬೇಡಿ. ಅದು ಟೆಂಪರೇಚರ್, ಥ್ರಾಟಲ್ ಸೆನ್ಸರ್‌ಗಳ ಶಾಂತವಾದ ಜಾಗ.

ಪ್ಲಗ್ ರೆಸಿಸ್ಟರ್ ಇರುವ ಬಗೆಯದೇ ಆಗಿರಲಿ. ಎನ್‌ಜಿಕೆ ಪ್ಲಗ್ ಆದರೆ ಹೆಸರಿನಲ್ಲಿ ಆರ್ ಅಕ್ಷರ ನೋಡಿ. ಪ್ಲಗ್ ವೈರ್ ಇದ್ದರೆ ಅದೂ ಹಾಗೆಯೇ, ಬರೀ ತಾಮ್ರದ್ದು ಬೇಡ. ಕ್ರ್ಯಾಂಕ್ ಸೆನ್ಸರ್ ತಂತಿ ಶೀಲ್ಡ್ ಇರುವುದಾಗಿದ್ದು, ಆ ಶೀಲ್ಡ್ ಇಸಿಯು ತುದಿಯಲ್ಲಿ ಮಾತ್ರ ಅರ್ಥ್ ಆಗಿರಬೇಕು, ಕಾಯಿಲ್ ಹಾರ್ನೆಸ್‌ನಿಂದ (ತಂತಿಗಳ ಕಟ್ಟಿನಿಂದ) ದೂರ ಹಾಯಬೇಕು.

ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) ಮರೆಯಬೇಡಿ. ಹಳೆಯ ಟ್ಯಾಕೋ ಕಾಯಿಲ್‌ನ ನೆಗೆಟಿವ್ ನೋಡಿಕೊಂಡು ಮುಳ್ಳು ಆಡಿಸುತ್ತಿತ್ತು. ಸ್ಮಾರ್ಟ್ ಕಾಯಿಲ್‌ನಲ್ಲಿ ಆ ಪಿನ್ ಹೊರಗೆ ಇಲ್ಲ. ಇಸಿಯುವಿನ ಟ್ಯಾಕೋ ಔಟ್‌ಪುಟ್ ಬಳಸಬೇಕು.

ಮೊದಲ ಸಲ ಕೀ ತಿರುಗಿಸುವಾಗ

ಇಸಿಯುನಲ್ಲಿ ಸಿಗ್ನಲ್‌ನ ಅಂಚು ಆರಿಸುವ ಸೆಟ್ಟಿಂಗ್ ಇರುತ್ತದೆ. ಹೆಚ್ಚಿನ ಸ್ಮಾರ್ಟ್ ಕಾಯಿಲ್‌ಗಳು ಸಿಗ್ನಲ್ ಮೇಲೆ ಇರುವಷ್ಟು ಹೊತ್ತು ಕರೆಂಟ್ ತುಂಬಿಕೊಂಡು, ಸಿಗ್ನಲ್ ಕೆಳಗೆ ಬಿದ್ದಾಗ ಕಿಡಿ ಬಿಡುತ್ತವೆ. ಮೇಲೆ ಹೇಳಿದ ಕಾಯಿಲ್‌ಗಳೆಲ್ಲ ಹೀಗೆಯೇ. ಇದನ್ನು ತಿರುಗುಮುರುಗು ಆರಿಸಿದರೆ ಇಂಜಿನ್ ನಿಂತಿರುವಾಗಲೂ ಕಾಯಿಲ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಕೆಲವೇ ಹೊತ್ತಿನಲ್ಲಿ ಕೈ ಇಡಲಾಗದಷ್ಟು ಬಿಸಿ, ಆಮೇಲೆ ಸುಟ್ಟ ವಾಸನೆ. ಅದಕ್ಕೇ ಮೊದಲ ಸಲ ಕೀ ಹಾಕಿದಾಗ ಸ್ಟಾರ್ಟ್ ಮಾಡಬೇಡಿ. ಅರ್ಧ ನಿಮಿಷ ಬಿಟ್ಟು ಪ್ರತಿ ಕಾಯಿಲ್ ಮುಟ್ಟಿ ನೋಡಿ. ಎಲ್ಲವೂ ತಣ್ಣಗಿರಬೇಕು.

ಮುಂದೆ, ಇಂಜೆಕ್ಟರ್ ಮತ್ತು ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದಿಟ್ಟು ಇಸಿಯುವಿನ ಔಟ್‌ಪುಟ್ ಟೆಸ್ಟ್ ನಡೆಸಿ. ಪ್ಲಗ್‌ಗಳನ್ನು ಹೊರಗೆ ತೆಗೆದು, ಅವುಗಳ ಲೋಹದ ಮೈ ಹೆಡ್‌ಗೆ ತಾಗುವಂತೆ ಗಟ್ಟಿಯಾಗಿ ಇಟ್ಟು, ಒಂದೊಂದಾಗಿ ಕಿಡಿ ಬಿಡಿಸಿ. ಒಂದನೆಯದಕ್ಕೆ ಹೇಳಿದರೆ ಒಂದನೆಯದರಲ್ಲೇ ಕಿಡಿ ಬರಬೇಕು. ಸುತ್ತಮುತ್ತ ಪೆಟ್ರೋಲ್ ಹಸಿ ಇರಬಾರದು, ಕೈ ದೂರ ಇರಬೇಕು. 30–40 ಸಾವಿರ ವೋಲ್ಟ್‌ನ ಆಟ ಇದು. ಪ್ಲಗ್ ಇಲ್ಲದೆ ಅಥವಾ ಪ್ಲಗ್ ಅರ್ಥ್ ಆಗದೆ ಕಾಯಿಲ್ ಪರೀಕ್ಷೆ ಮಾಡಬೇಡಿ. ಹೊರಗೆ ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ ಅನ್ನೇ ತೂತು ಮಾಡುತ್ತದೆ.

ಇಂಜಿನ್ ಸ್ಟಾರ್ಟ್ ಆದ ಮೇಲೆ ಟೈಮಿಂಗ್ ಅನ್ನು ಸಾಫ್ಟ್‌ವೇರ್‌ನಲ್ಲಿ 10 ಅಥವಾ 15 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಗುರುತು ನೋಡಿ. ಪ್ಲಗ್ ಮೇಲೆ ಕೂರುವ ಕಾಯಿಲ್ ಆದರೆ ಲೈಟ್‌ನ ಕ್ಲ್ಯಾಂಪ್ ಹಿಡಿಸುವುದಿಲ್ಲ. ಒಂದನೇ ಸಿಲಿಂಡರ್‌ಗೆ ಮಾತ್ರ ಕಾಯಿಲ್ ಎತ್ತಿಟ್ಟು ನಡುವೆ ಒಂದು ತುಂಡು ಪ್ಲಗ್ ವೈರ್ ಹಾಕಿಕೊಳ್ಳಿ. ಆರ್‌ಪಿಎಂ ಅನ್ನು 3000, 4000ಕ್ಕೆ ಏರಿಸಿದಾಗ ಗುರುತು ಅಲುಗಾಡದೆ ನಿಲ್ಲಬೇಕು. ನಿಧಾನವಾಗಿ ಒಂದೇ ಕಡೆಗೆ ಜಾರಿದರೆ ಟ್ರಿಗರ್ ತಡದ ಸೆಟ್ಟಿಂಗ್ ತಿದ್ದಬೇಕು. ಅಲ್ಲಲ್ಲಿ ಫಟ್ಟನೆ ಹಾರಿದರೆ ಅರ್ಥ್ ಕಡೆ ಮತ್ತೆ ನೋಡಿ.

ಆಮೇಲೆ ಒಂದು ಅರ್ಧ ಗಂಟೆ ಚೆನ್ನಾಗಿ ಓಡಿಸಿ, ಇಂಜಿನ್ ಬಿಸಿ ಇರುವಾಗಲೇ ವೋಲ್ಟೇಜ್ ಕುಸಿತ ಅಳೆಯಿರಿ. ಬ್ಯಾಟರಿ ಪಾಸಿಟಿವ್‌ನಿಂದ ಕಾಯಿಲ್‌ಗೆ ಒಮ್ಮೆ, ಕಾಯಿಲ್ ಅರ್ಥ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಇನ್ನೊಮ್ಮೆ. ಎರಡೂ ಕಡೆ ಸೊನ್ನೆ ಪಾಯಿಂಟ್ ಎರಡು ವೋಲ್ಟ್ ಒಳಗೆ ಇದ್ದರೆ ಬಾನೆಟ್ ಮುಚ್ಚಬಹುದು.